ಗ್ಯಾಸಿಗೆ ವಾಸನೆ ಬಂದ ಕಥೆ

ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನ ಅಡುಗೆಮನೆಯಲ್ಲಿ ಇರುತ್ತೀರಿ, ಒಂದು ಕಿವಿ ರೇಡಿಯೋ ಕಡೆ, ಇನ್ನೊಂದು ಕಿವಿ ಕುಕ್ಕರಿನ ಸೀಟಿ ಕಡೆ. ಪರವಾಗಿಲ್ಲ, ಒಂದು ಕಿವಿ ಸಾಕು. ಬೆಂಗಳೂರಿನವರೋ ಮಂಗಳೂರಿನವರೋ ಆಗಿದ್ದರೆ ಒಲೆ ಪಕ್ಕದ ಗೋಡೆ ಒಮ್ಮೆ ನೋಡಿ. ಕೆಲವರ ಮನೆಯಲ್ಲಿ ಅಲ್ಲೊಂದು ಹಳದಿ ಪೈಪು, ಹತ್ತಿರದಲ್ಲೇ ಒಂದು ಸಣ್ಣ ಮೀಟರು ಇರುತ್ತದೆ. ಅದರಲ್ಲಿ ಬರುವುದು ಸಿಲಿಂಡರಿನ ಗ್ಯಾಸ್ ಅಲ್ಲ, ನೈಸರ್ಗಿಕ ಅನಿಲ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ, ಕೊಚ್ಚಿಯಿಂದ ಮಂಗಳೂರಿಗೆ ಮಣ್ಣಿನಡಿ ಕೊಳವೆಗಳಿವೆ. ಮಂಗಳೂರಿನದು 450 ಕಿಲೋಮೀಟರ್ ಉದ್ದ, 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅಷ್ಟು ದೂರದಿಂದ ಬಂದ ಗ್ಯಾಸಿನಲ್ಲಿ ನೀವು ಇವತ್ತು ಸಾರು ಕುದಿಸುತ್ತಿದ್ದೀರಿ.

ನಾನು ಮೂವತ್ತು ವರ್ಷ ಇಂಥ ಪೈಪುಗಳ ಹಿಂದೆ ಸುತ್ತಿದವನು. ಸೋರುತ್ತದಾ ಇಲ್ಲವಾ ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಹೇಳುವುದಕ್ಕೆ ನನ್ನ ಹತ್ತಿರ ಇರುವುದು ಒಂದೇ ಮಾತು. ಸೋರಿಕೆ ಕಂಡರೆ ತಾರೀಖು ಬರೆದು ಮುಚ್ಚಿ. ಆಮೇಲೆ ನೋಡೋಣ ಅನ್ನಬೇಡಿ. ಇದು ನಿಮಗೂ ಹೇಳುವ ಮಾತು, ಕಂಪನಿಗೂ, ಸರ್ಕಾರಕ್ಕೂ.

ಈಗ ಕಥೆ. ನನ್ನ ಕೈಕೆಳಗೆ ಬಂದ ಹೊಸ ಹುಡುಗರಿಗೆಲ್ಲ ಮೊದಲ ದಿನ ಈ ಕಥೆ ಹೇಳುತ್ತಿದ್ದೆ. ಕೇಳಿ ಕೇಳಿ ಅವರಿಗೆ ಬೇಜಾರಾಗಿತ್ತು, ನನಗಿನ್ನೂ ಆಗಿಲ್ಲ.

ಅಮೆರಿಕದ ಟೆಕ್ಸಾಸ್‌ನಲ್ಲಿ ನ್ಯೂ ಲಂಡನ್ ಅಂತ ಒಂದು ಸಣ್ಣ ಊರು. ಸುತ್ತಲೂ ಎಣ್ಣೆ ಬಾವಿಗಳು. ಊರಿಗೆ ದುಡ್ಡು ಬಂದಿತ್ತು, ಒಳ್ಳೆಯ ದೊಡ್ಡ ಶಾಲೆ ಕಟ್ಟಿಸಿದ್ದರು. ಚಳಿಗೆ ಪ್ರತಿ ಕೋಣೆಯಲ್ಲೂ ಗ್ಯಾಸ್ ಒಲೆ. ಎಣ್ಣೆಯ ಜೊತೆ ಮೇಲೆ ಬರುವ ಗ್ಯಾಸನ್ನು ಆಗ ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ, ಸುಮ್ನೆ ಸುಟ್ಟುಬಿಡುತ್ತಿದ್ದರು. ಶಾಲೆಯವರು ಯೋಚಿಸಿದರು. ಸುಟ್ಟು ಹೋಗುವ ಗ್ಯಾಸ್ ಪಕ್ಕದಲ್ಲೇ ಇರುವಾಗ ತಿಂಗಳಿಗೆ ಸುಮಾರು 300 ಡಾಲರ್ ಬಿಲ್ ಯಾಕೆ ಕಟ್ಟಬೇಕು? ಬಿಲ್ಲಿನ ಗ್ಯಾಸ್ ನಿಲ್ಲಿಸಿದರು. ಆ ಪುಕ್ಕಟೆ ಗ್ಯಾಸಿನ ಪೈಪಿಗೆ ತಾವೇ ಒಂದು ಕೊಂಡಿ ಹಾಕಿಕೊಂಡರು. ಪುಕ್ಕಟೆ ಅಂದರೆ ಯಾರು ಬಿಡುತ್ತಾರೆ, ಅಲ್ವಾ?

ಆ ಗ್ಯಾಸಿಗೆ ವಾಸನೆ ಇರಲಿಲ್ಲ. ನೈಸರ್ಗಿಕ ಅನಿಲಕ್ಕೆ ತನ್ನದೇ ಅಂತ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಲ್ಲೋ ಒಂದು ಕಡೆ ಸೋರುತ್ತಿತ್ತು. ಶಾಲೆಯ ನೆಲದಡಿ ಉದ್ದಕ್ಕೂ ಖಾಲಿ ಜಾಗ ಬಿಟ್ಟಿದ್ದರು, ಗ್ಯಾಸ್ ಅಲ್ಲಿ ಸೇರಿಕೊಂಡಿತು. ಮಕ್ಕಳು ತಲೆನೋವು ಅನ್ನುತ್ತಿದ್ದರು. ತಲೆನೋವಿಗೆ ಯಾರು ನೆಲ ಅಗೆದು ನೋಡುತ್ತಾರೆ?

1937ರ ಮಾರ್ಚ್ 18, ಗುರುವಾರ. ಮಧ್ಯಾಹ್ನ ಮೂರು ದಾಟಿತ್ತು, ಇನ್ನೇನು ಶಾಲೆ ಬಿಡುವ ಹೊತ್ತು. ಮರಗೆಲಸ ಕಲಿಸುವ ಮೇಷ್ಟ್ರು ಹಲಗೆ ಉಜ್ಜುವ ಯಂತ್ರದ ಸ್ವಿಚ್ ಹಾಕಿದರು. ಒಂದು ಕಿಡಿ, ಅಷ್ಟೇ. ಛಾವಣಿ ಮೇಲಕ್ಕೆದ್ದು ಕೆಳಗೆ ಕುಸಿಯಿತು. ಎರಡು ಟನ್ ತೂಕದ ಕಾಂಕ್ರೀಟ್ ತುಂಡೊಂದು ಹಾರಿ ಹೊರಗೆ ನಿಂತಿದ್ದ ಕಾರಿನ ಮೇಲೆ ಬಿತ್ತು. ಸತ್ತವರು ಸುಮಾರು 300, ಹೆಚ್ಚಿನವರು ಮಕ್ಕಳು. ಎಣ್ಣೆ ಬಾವಿಗಳಿಂದ ಓಡಿಬಂದು ಇಟ್ಟಿಗೆ ಎತ್ತಿದವರಲ್ಲಿ ಎಷ್ಟೋ ಜನ ಆ ಮಕ್ಕಳ ಅಪ್ಪಂದಿರೇ.

ಇಲ್ಲಿಗೆ ಬಂದಾಗ ನನ್ನ ಹುಡುಗರೂ ಸುಮ್ಮನಾಗುತ್ತಿದ್ದರು.

ಕೆಲವೇ ವಾರಗಳಲ್ಲಿ ಟೆಕ್ಸಾಸ್ ಕಾನೂನು ಮಾಡಿತು. ಗ್ಯಾಸಿಗೆ ಕೆಟ್ಟ ವಾಸನೆ ಬೆರೆಸಲೇಬೇಕು! ಬೆರೆಸುವ ವಸ್ತುವಿನ ಹೆಸರು ಮರ್ಕ್ಯಾಪ್ಟನ್. ಕೊಳೆತ ಮೊಟ್ಟೆ, ಕೊಳೆತ ಎಲೆಕೋಸು ಎರಡೂ ಸೇರಿದ ಹಾಗೆ ನಾರುತ್ತದೆ. ಗಾಳಿಯಲ್ಲಿ ನೂರಕ್ಕೆ ಐದು ಪಾಲು ಗ್ಯಾಸ್ ಸೇರಿದರೆ ಕಿಡಿ ತಗುಲಿ ಹೊತ್ತಿಕೊಳ್ಳುತ್ತದೆ. ಒಂದು ಪಾಲು ಸೇರುವಾಗಲೇ ಮೂಗಿಗೆ ತಿಳಿಯಬೇಕು ಎಂದು ಅಮೆರಿಕದ ಇವತ್ತಿನ ನಿಯಮ ಹೇಳುತ್ತದೆ. ನಮ್ಮಲ್ಲೂ ನಗರಕ್ಕೆ ಗ್ಯಾಸ್ ಒಳಬರುವ ಸ್ಟೇಷನ್ನಿನಲ್ಲಿ ವಾಸನೆ ಬೆರೆಸುತ್ತಾರೆ. ಗ್ಯಾಸ್ ಯಾಕೆ ಇಷ್ಟು ನಾರುತ್ತದೆ ಎಂದು ಮೂಗು ಮುಚ್ಚಿಕೊಳ್ಳುತ್ತೀರಲ್ಲ, ಆ ವಾಸನೆಯ ಹಿಂದೆ ಆ ಶಾಲೆ ಇದೆ.

ಕಥೆ ಉದ್ದವಾಯಿತು. ಗಾಜಿನ ಆಚೆ ಕೂತವರು ಆಗಲೇ ಗಡಿಯಾರ ತೋರಿಸುತ್ತಿದ್ದಾರೆ. ನೋಡಿದೆ ಸ್ವಾಮಿ, ನೋಡಿದೆ.

ಅದೆಲ್ಲ ಹಳೇ ಕಾಲದ್ದು, ಅಮೆರಿಕದ್ದು ಅನ್ನುವವರಿಗೆ ಒಂದು ಪಕ್ಕದ ಊರಿನ ವಿಷಯ. ಆಂಧ್ರದ ಗೋದಾವರಿ ಸೀಮೆಯ ನಗರಂ. 2014ರ ಜೂನ್ 27ರ ಬೆಳಗಿನ ಜಾವ. ಸರ್ಕಾರಿ ಗ್ಯಾಸ್ ಕಂಪನಿ ಗೇಲ್‌ನ ಕೊಳವೆ ಸೋರಿ ಊರ ಮೇಲೆ ಗ್ಯಾಸ್ ಮಂಜಿನ ಹಾಗೆ ಕವಿದಿತ್ತು. ಚಹಾ ಅಂಗಡಿಯವರು ಒಲೆ ಹಚ್ಚಿದಾಗ ಹೊತ್ತಿಕೊಂಡಿತು ಎಂದು ಆಗ ಪತ್ರಿಕೆಗಳಲ್ಲಿ ಬಂತು. 20ಕ್ಕೂ ಹೆಚ್ಚು ಜನ ಹೋದರು. ಒಣ ಗ್ಯಾಸ್ ಹರಿಯಬೇಕಾದ ಕೊಳವೆಯಲ್ಲಿ ನೀರಿನಂಶವಿದ್ದ ಗ್ಯಾಸ್ ಹರಿದಿತ್ತು, ಒಳಗೊಳಗೇ ತುಕ್ಕು ತಿಂದಿತ್ತು. ತುಕ್ಕು ಒಂದು ರಾತ್ರಿಯಲ್ಲಿ ಹಿಡಿಯುವುದಿಲ್ಲ. ಸೋರುತ್ತಿದೆ ಎಂದು ಮೊದಲೇ ದೂರಿದ್ದೆವು ಎಂದು ಊರಿನವರು ಆಮೇಲೆ ಹೇಳಿದರು. ತಾರೀಖು ಬರೆದು ಮುಚ್ಚಿ ಎಂದು ನಾನು ಬಡಕೊಳ್ಳುವುದು ಇದಕ್ಕೇ.

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. 2006ರ ಕಾಯ್ದೆಯಿಂದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಬಂತು. ಪೈಪು ಎಷ್ಟು ಆಳದಲ್ಲಿರಬೇಕು, ಹೇಗೆ ಪರೀಕ್ಷೆ ಮಾಡಬೇಕು, ಎಲ್ಲವನ್ನೂ ಬರೆದಿಟ್ಟಿದ್ದಾರೆ. ಅಗೆಯುವ ಮೊದಲು ತಿಳಿಸಿ ಎಂದು 2023ರಲ್ಲಿ ಒಂದು ಆ್ಯಪ್ ಕೂಡ ಬಂತು. ಆದರೆ ಜೆಸಿಬಿ ಓಡಿಸುವ ಹುಡುಗನ ಕಿವಿಗೆ ಅದು ಬೀಳಬೇಕಲ್ಲ? ಒಮ್ಮೆ ಒಂದು ಬಡಾವಣೆಗೆ ಹೋಗಿದ್ದೆ. ಕೇಬಲ್ ಹಾಕಲು ಅಗೆದವರು ಗ್ಯಾಸ್ ಪೈಪಿಗೆ ಗುದ್ದಿದ್ದರು. ಪೈಪು ಬುಸ್ ಅಂದಿದೆ. ಇವರು ಗೋಣಿಚೀಲ ತುರುಕಿ, ಮೇಲೆ ಮಣ್ಣೆಳೆದು ಜಾಗ ಖಾಲಿ ಮಾಡಿದ್ದಾರೆ! ಎದುರು ಮನೆಯ ಅಜ್ಜಿಗೆ ವಾಸನೆ ಬಡಿದು ಫೋನ್ ಮಾಡಿಸಿದ್ದರಿಂದ ಬದುಕಿಕೊಂಡೆವು. ಆ ಅಜ್ಜಿಯ ಮೂಗಿನ ಮುಂದೆ ನಮ್ಮ ಲಕ್ಷ ರೂಪಾಯಿಯ ಯಂತ್ರ ಏನೂ ಅಲ್ಲ.

ಇನ್ನು ಹವಾಮಾನದ ಮಾತು. ಬಯಲಲ್ಲಿ ಚೂರು ಸೋರಿದರೆ ಯಾರಿಗೇನು ನಷ್ಟ ಎಂದು ಕೇಳುತ್ತಾರೆ. ಈ ಗ್ಯಾಸಿನಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಇರುವುದು ಮೀಥೇನ್. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ, ಒಂದು ಕಿಲೋ ಮೀಥೇನ್ ಒಂದು ಕಿಲೋ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಮನೆ ಹತ್ತಿರ ಸೋರಿದರೂ ಅಷ್ಟೇ, ಹೊಲದಲ್ಲಿ ಸೋರಿದರೂ ಅಷ್ಟೇ. ಅಮೆರಿಕದಲ್ಲಿ ಸೋರಿಕೆಗೆ ಮೂರು ದರ್ಜೆ ಮಾಡಿದ್ದರು. ಒಂದನೆಯದು ಅಪಾಯ, ಈಗಲೇ ಮುಚ್ಚು. ಎರಡನೆಯದನ್ನು ಇಷ್ಟು ದಿನದೊಳಗೆ ಮುಚ್ಚು. ಮೂರನೆಯದು ಅಪಾಯವಿಲ್ಲ, ನೋಡುತ್ತಿರು. ಎಷ್ಟು ದಿನ ನೋಡುತ್ತಿರುವುದು? ವರ್ಷಗಟ್ಟಲೆ ನೋಡುತ್ತಲೇ ಇದ್ದರು. ಬಾಸ್ಟನ್ ನಗರದ ಸುಮಾರು 1,260 ಕಿಲೋಮೀಟರ್ ರಸ್ತೆಯಲ್ಲಿ ಕಾರಿಗೆ ಯಂತ್ರ ಕಟ್ಟಿ ಓಡಿಸಿದರೆ ಸಿಕ್ಕಿದ್ದು 3,356 ಸೋರಿಕೆ! ಆಮೇಲೆ ಅದೇ ಸೀಮೆಯಲ್ಲಿ ನೂರು ಸೋರಿಕೆಗಳನ್ನು ಅಳೆದರು. ಹೊರಗೆ ಹೋಗುತ್ತಿದ್ದ ಗ್ಯಾಸಿನಲ್ಲಿ ಅರ್ಧದಷ್ಟು ಬರೀ ಏಳು ಸೋರಿಕೆಗಳದ್ದು. ಆ ಏಳನ್ನು ಹುಡುಕಿ ಮುಚ್ಚಿದರೆ ಅರ್ಧ ಕೆಲಸ ಮುಗಿಯಿತಲ್ಲ? ಮ್ಯಾಸಚೂಸೆಟ್ಸ್ ರಾಜ್ಯ 2014ರಲ್ಲಿ ಕಾನೂನು ತಂದು, ಎಲ್ಲೆಲ್ಲಿ ಸೋರುತ್ತಿದೆ ಎಂಬ ಪಟ್ಟಿಯನ್ನು ಜನರ ಮುಂದೆ ಇಡಿಸಿತು. ನಮ್ಮ ಊರಿನಲ್ಲೂ ನನಗೆ ಬೇಕಾದದ್ದು ಇಷ್ಟೇ. ಯಾವ ರಸ್ತೆ, ಯಾವ ದಿನ ಕಂಡಿತು, ಯಾವ ದಿನ ಮುಚ್ಚಿದರು. ಮೂರು ಕಾಲಮ್ಮಿನ ಪಟ್ಟಿ.

ಸಮಯ ಮುಗಿದೇ ಹೋಯಿತು. ಬೇಗ ಬೇಗ ಹೇಳುತ್ತೇನೆ, ಅಡುಗೆಮನೆಯವರು ಕೇಳಿಸಿಕೊಳ್ಳಿ. ವಾಸನೆ ಬಂತಾ? ಲೈಟ್ ಸ್ವಿಚ್ ಮುಟ್ಟಬೇಡಿ, ಹಾಕಲೂ ಬೇಡಿ, ಆರಿಸಲೂ ಬೇಡಿ. ಮೀಟರ್ ಹತ್ತಿರದ ವಾಲ್ವ್ ತಿರುಗಿಸಿ ಮುಚ್ಚಿ. ಸಿಲಿಂಡರ್ ಗ್ಯಾಸ್ ನೆಲಕ್ಕೆ ಇಳಿಯುತ್ತದೆ, ಪೈಪಿನ ಗ್ಯಾಸ್ ಹಗುರ, ಮೇಲೇರುತ್ತದೆ. ಅದಕ್ಕೇ ಬಾಗಿಲ ಜೊತೆ ಮೇಲಿನ ಕಿಟಕಿಯನ್ನೂ ತೆಗೆಯಿರಿ. ಎಲ್ಲರೂ ಹೊರಗೆ ಬನ್ನಿ, ಹೊರಗೆ ಬಂದ ಮೇಲೆ ಫೋನ್ ಮಾಡಿ. ಎಲ್ಲಿ ಸೋರುತ್ತಿದೆ ಎಂದು ಕಡ್ಡಿ ಗೀರಿ ನೋಡುವ ಮಹಾಶಯರೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ ಸ್ವಾಮಿ. ಸುಮ್ನೆ ಅನುಮಾನವಿದ್ದರೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದರೆ ಅಲ್ಲೇ ತೂತು. ತುರ್ತು ನಂಬರು ನಿಮ್ಮ ಗ್ಯಾಸ್ ಬಿಲ್ಲಿನಲ್ಲಿ ಇರುತ್ತದೆ. ಕುಕ್ಕರ್ ಇಳಿಸಿದ ಮೇಲೆ ಅದನ್ನು ಫೋನಿಗೆ ಹಾಕಿಕೊಳ್ಳಿ. ನಮಸ್ಕಾರ.