ಮುಚ್ಚಿದ ಕಾರ್ಖಾನೆ ಕೊಳ್ಳುವಾಗ ತೆರಿಗೆ ಬಾಕಿ

ಕೇಳುಗರಿಗೆ ನಮಸ್ಕಾರ. ವರ್ಷಗಟ್ಟಲೆ ಬೀಗ ಬಿದ್ದಿರುವ ಕಾರ್ಖಾನೆಯೊಂದು ಮಾರಾಟಕ್ಕಿದೆ ಎಂದರೆ ಕೊಳ್ಳುವವರು ಮೊದಲು ಕೇಳುವುದು, ಜಿಎಸ್‌ಟಿ ಎಷ್ಟು ಬೀಳುತ್ತದೆ ಎಂದು. ನೆಲಕ್ಕೆ ಜಿಎಸ್‌ಟಿ ಇಲ್ಲ. ಕಟ್ಟಿ ಮುಗಿದು, ಬಳಕೆಯೂ ಆಗಿರುವ ಹಳೆಯ ಕಟ್ಟಡಕ್ಕೂ ಇಲ್ಲ. ಅವೆರಡಕ್ಕೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಕಟ್ಟಿದರಾಯಿತು.

ಬೋಲ್ಟ್ ಬಿಚ್ಚಿ ಸಾಗಿಸಬಹುದಾದ ಲೇತ್, ಮೋಟಾರುಗಳ ಲೆಕ್ಕ ಬೇರೆ. ಅವು ಸರಕು. ಜಿಎಸ್‌ಟಿ ನೋಂದಣಿ ಇರುವವರು 20 ಲಕ್ಷದ ಲೇತ್‌ಗಳನ್ನು ಮಾರಿದರೆ ಶೇ. 18ರಂತೆ 3.60 ಲಕ್ಷ ತೆರಿಗೆ. ಮಾರುವವರಿಗೆ ನೋಂದಣಿ ಇಲ್ಲದಿದ್ದು ನೀವು ಲೋಹದ ಗುಜರಿ ಕೊಂಡರೆ, 2024ರ ಅಕ್ಟೋಬರ್ 10ರಿಂದ ಆ ತೆರಿಗೆಯನ್ನು ನೋಂದಾಯಿತರಾದ ನೀವೇ ಕಟ್ಟಬೇಕು. ಆದ್ದರಿಂದ ನೆಲ, ಕಟ್ಟಡ, ಯಂತ್ರ, ಗುಜರಿ ಎಲ್ಲಕ್ಕೂ ಬೇರೆಬೇರೆ ಬೆಲೆ ಬರೆಸಿ.

ಈ ತೆರಿಗೆ ಉಳಿಸಲು ಕೆಲವರು ಒಂದು ಉಪಾಯ ಹೇಳಿಕೊಡುತ್ತಾರೆ: 'ಇಡೀ ಉದ್ಯಮವನ್ನೇ ಕೊಂಡೆ ಎಂದು ಕರಾರು ಬರೆಸಿ, ಅದಕ್ಕೆ ವಿನಾಯಿತಿ ಇದೆ.' ದಯವಿಟ್ಟು ಇದನ್ನು ನಂಬಬೇಡಿ. ಆ ವಿನಾಯಿತಿ ಇರುವುದು ನಡೆಯುತ್ತಿರುವ ಉದ್ಯಮಕ್ಕೆ, ಬಾಗಿಲು ಹಾಕಿದ್ದಕ್ಕಲ್ಲ. ಸಾಲದ್ದಕ್ಕೆ, ಜಿಎಸ್‌ಟಿ ಕಾಯ್ದೆಯ 85ನೇ ಕಲಮಿನ ಪ್ರಕಾರ ಉದ್ಯಮ ಕೈಬದಲಾದರೆ ಅಲ್ಲಿಯವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ಕೊಟ್ಟವರೂ ಕೊಂಡವರೂ ಜಂಟಿ ಹೊಣೆಗಾರರು. 3.60 ಲಕ್ಷ ಉಳಿಸಲು ಹೋಗಿ, ಎಷ್ಟಿದೆಯೆಂದೇ ಗೊತ್ತಿಲ್ಲದ ಬಾಕಿಯನ್ನು ತಲೆಮೇಲೆ ಎಳೆದುಕೊಂಡಂತೆ.

ಶ್ರೇಯಸ್ ಪೇಪರ್ಸ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಇದೇ ಅಂಶದ ಮೇಲೆ. ರಾಜ್ಯ ಹಣಕಾಸು ಸಂಸ್ಥೆ ಮಾರಿದ ಆಸ್ತಿ ಕೊಂಡವರಿಂದ ಹಿಂದಿನವರ ಮಾರಾಟ ತೆರಿಗೆ ಬಾಕಿ ವಸೂಲು ಮಾಡಲು ಕರ್ನಾಟಕ ಸರ್ಕಾರ ಹೊರಟಿತ್ತು. ಕೊಂಡದ್ದು ಆಸ್ತಿ, ಉದ್ಯಮವಲ್ಲ. ಬಾಕಿಯ ಹೊರೆ ಇದೆಯೆಂದು ತಿಳಿಯದೆ ಹಣ ಕೊಟ್ಟು ಕೊಂಡವರ ಮೇಲೆ ಅದನ್ನು ಹೇರಲಾಗದು ಎಂದಿತು ನ್ಯಾಯಾಲಯ. ಆದರೆ ವಿಚಾರಿಸಿದ್ದರೆ ತಿಳಿಯುತ್ತಿದ್ದುದನ್ನು ಬೇಕೆಂದೇ ವಿಚಾರಿಸದವರಿಗೆ, ತಿಳಿದೇ ಇತ್ತೆಂದು ಕಾನೂನು ಎಣಿಸುತ್ತದೆ. ಹರಾಜಿನ ನೋಟಿಸಿನಲ್ಲಿ 'ಇದ್ದಲ್ಲಿ, ಇದ್ದಂತೆ' ಎಂದಿದ್ದರಂತೂ ವಿಚಾರಿಸದೆ ಮುಂಗಡ ಕೊಡಲೇಬೇಡಿ.

ಋಣಭಾರ ಪತ್ರವೊಂದನ್ನೇ ನೆಚ್ಚಬೇಡಿ. ನೋಂದಣಿಯಾಗದ ತೆರಿಗೆ ಬಾಕಿ ಅದರಲ್ಲಿ ಕಾಣುವುದಿಲ್ಲ. ಪಹಣಿ ಇದ್ದರೆ 11ನೇ ಅಂಕಣ ಓದಿ, ಹಕ್ಕು ಮತ್ತು ಋಣಗಳನ್ನು ಬರೆಯುವ ಜಾಗ ಅದು. ಜಿಎಸ್‌ಟಿ ಜಾಲತಾಣದಲ್ಲಿ ಮಾರುವವರ ನೋಂದಣಿ ಸಂಖ್ಯೆ ಹಾಕಿ, ನೋಂದಣಿ ಯಾವಾಗ ರದ್ದಾಯಿತು, ರಿಟರ್ನ್ ಎಲ್ಲಿಗೆ ನಿಂತಿತು ಎಂದು ನೋಡಿ. ಬಾಕಿಯ ಮೊತ್ತ ಅಲ್ಲಿ ಸಿಗುವುದಿಲ್ಲ. ಅದಕ್ಕೆ ಸ್ಥಳೀಯ ವಾಣಿಜ್ಯ ತೆರಿಗೆ ಕಚೇರಿಗೇ ಪತ್ರ ಬರೆಯಬೇಕು. ಜಿಎಸ್‌ಟಿ ಬಾಕಿ, 2005ರಲ್ಲಿ ಜಾರಿಗೆ ಬಂದ ವ್ಯಾಟ್ ತೆರಿಗೆಯ ಬಾಕಿ, ಅದಕ್ಕೂ ಹಿಂದಿನ ಮಾರಾಟ ತೆರಿಗೆ ಬಾಕಿ ಮೂರನ್ನೂ ಹೆಸರಿಸಿ ಕೇಳಿ. ಜಿಎಸ್‌ಟಿ ಬಾಕಿ ಇದ್ದರೆ 81ನೇ ಕಲಮಿನಡಿ ಅಧಿಕಾರಿಯ ಅನುಮತಿಯನ್ನು ಮಾರುವವರೇ ಮುಂಚಿತವಾಗಿ ತರಲಿ. ಉತ್ತರ ಬರುವವರೆಗೆ ಬೆಲೆಯ ಒಂದು ಭಾಗವನ್ನು ತಡೆಹಿಡಿಯುವ ಷರತ್ತು ಕರಾರಿನಲ್ಲಿರಲಿ. ನಿಮ್ಮ ಪತ್ರದ ಪ್ರತಿಗೆ ಕಚೇರಿಯ ಸ್ವೀಕೃತಿ ಮೊಹರು ಹಾಕಿಸಿಕೊಂಡು ಕ್ರಯಪತ್ರದ ಜೊತೆಗೇ ಇಟ್ಟುಕೊಳ್ಳಿ.