927 ಕಿಟಕಿಗಳ ಠಾಣೆ: ಸಿಂಗಾಪುರದ ಬಂದರು, ಪೊಲೀಸರು ಮತ್ತು ಸರ್ಕಾರಿ ಕಟ್ಟಡಗಳು

ಎಲ್ಲರಿಗೂ ನಮಸ್ಕಾರ.

ಸಿಂಗಾಪುರಕ್ಕೆ ಹೋಗಿ ಬಂದವರು ಈ ಸಭೆಯಲ್ಲಿ ಕೆಲವರಾದರೂ ಇದ್ದೀರಿ ಅಂದುಕೊಂಡಿದ್ದೇನೆ. ನಿಮ್ಮ ಫೋನಿನಲ್ಲಿ ಒಂದು ಫೋಟೋ ಇರುವ ಸಾಧ್ಯತೆ ಜಾಸ್ತಿ. ನದಿಯ ಪಕ್ಕ, ಗುಡ್ಡದ ಬುಡದಲ್ಲಿ, ಆರು ಅಂತಸ್ತಿನ ಭಾರಿ ಕಟ್ಟಡ. ಸಾಲು ಸಾಲು ಕಿಟಕಿ. ಕಿಟಕಿ ಬಾಗಿಲುಗಳಿಗೆಲ್ಲ ಕಾಮನಬಿಲ್ಲಿನ ಬಣ್ಣ. ಬಹಳ ಜನ ಅದನ್ನು ಹೋಟೆಲ್ ಅಂದುಕೊಂಡು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಅದು ಹಿಲ್ ಸ್ಟ್ರೀಟ್ ಪೊಲೀಸ್ ಠಾಣೆ. ಕಟ್ಟಿದ್ದು 1934ರಲ್ಲಿ. ಆಗ ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಸರ್ಕಾರಿ ಕಟ್ಟಡ ಇರಲಿಲ್ಲ. ಅದಕ್ಕೆ ಒಟ್ಟು 927 ಕಿಟಕಿ.

ಠಾಣೆ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಹೆಂಚಿನ ಮಾಡು, ಮುಂದೊಂದು ಜಗಲಿ, ಒಳಗೆ ಕಂಬಿಯ ಬಾಗಿಲಿನ ಲಾಕಪ್ಪು. ಅಲ್ವಾ? ಹಾಗಿರುವಾಗ ಒಂದು ಠಾಣೆಗೆ ಇಷ್ಟು ಕಿಟಕಿ ಯಾಕೆ ಬೇಕಾಯಿತು? ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ ವಿಷಯ. ಆದರೆ ಅದಕ್ಕೆ ಉತ್ತರ ಬೇಕಾದರೆ ಆ 1934ರಿಂದಲೂ ನೂರಹದಿನೈದು ವರ್ಷ ಹಿಂದಕ್ಕೆ ಹೋಗಬೇಕು.

ಈಸ್ಟ್ ಇಂಡಿಯಾ ಕಂಪನಿಯ ರಾಫಲ್ಸ್ ಸಿಂಗಾಪುರದಲ್ಲಿ ಕಾಲಿಟ್ಟದ್ದು 1819ರ ಜನವರಿಯಲ್ಲಿ. ಸುಂಕವಿಲ್ಲದ ಬಂದರು ಅಂತ ಸಾರಿದ್ದೇ ತಡ, ಸುತ್ತಲಿನ ಸಮುದ್ರದ ಹಡಗುಗಳೆಲ್ಲ ಅಲ್ಲಿಗೆ ತಿರುಗಿದವು. ಜನ ಬಂದರು, ಮಾಲು ಬಂತು, ಹಿಂದೆಯೇ ಕಳ್ಳರೂ ಬಂದರು. 1820ರಲ್ಲಿ ಊರಿನ ಉಸ್ತುವಾರಿ ನೋಡುತ್ತಿದ್ದ ಫರ್ಕ್ಯುಹರ್ ತನ್ನ ಅಳಿಯ ಫ್ರಾನ್ಸಿಸ್ ಬರ್ನಾರ್ಡ್‌ನ ಕೈಗೆ ಪೊಲೀಸ್ ಕೆಲಸ ಕೊಟ್ಟ. ಮಾವನ ರಾಜ್ಯದಲ್ಲಿ ಅಳಿಯನ ದರ್ಬಾರು! ಅವನ ಕೆಳಗೆ ಒಬ್ಬ ಗುಮಾಸ್ತ, ಒಬ್ಬ ಜೈಲರ್, ಒಬ್ಬ ಜಮಾದಾರ, ಎಂಟು ಜನ ಪೇದೆಗಳು. ಇಡೀ ಊರಿಗೆ ಅಷ್ಟೇ.

ಇವರ ಸಂಬಳಕ್ಕೆ ದುಡ್ಡು ಎಲ್ಲಿಂದ ಬರಬೇಕು? ಸುಂಕ ಹಾಕುವ ಹಾಗಿಲ್ಲ. ಅದಕ್ಕೆ ಫರ್ಕ್ಯುಹರ್ ಅಫೀಮು, ಸಾರಾಯಿ, ಜೂಜು ಈ ಮೂರನ್ನೂ ಗುತ್ತಿಗೆಗೆ ಕೊಟ್ಟ. ಆ ವರಮಾನದಲ್ಲಿ ಆಡಳಿತ ನಡೆಯಿತು. ಅಂದರೆ ಗಲಾಟೆ ಎಬ್ಬಿಸುವ ವ್ಯಾಪಾರದ ದುಡ್ಡಿನಿಂದಲೇ ಗಲಾಟೆ ಬಿಡಿಸುವವರಿಗೆ ಸಂಬಳ. ಅದೂ ಸಾಲದೆ ವ್ಯಾಪಾರಿಗಳು ತಾವೇ ತಿಂಗಳು ತಿಂಗಳು ಚಂದಾ ಹಾಕಿ ರಾತ್ರಿ ಕಾವಲಿಗೆ ಜನ ಇಟ್ಟುಕೊಂಡರು. ಇಲ್ಲಿ ಒಂದು ವಿಷಯ ಗಮನಿಸಿ. ಬಂದರಿನಲ್ಲಿ ಪೊಲೀಸರು ಮೊದಲು ಬಂದದ್ದು ಮಾಲು ಕಾಯುವುದಕ್ಕೆ. ಗೋದಾಮಿನ ಬೀಗ, ದೋಣಿಯ ಮೂಟೆ, ಅಂಗಡಿಯ ಬಾಗಿಲು, ಇಷ್ಟು ನೋಡಿಕೊಂಡರೆ ಸಾಕಿತ್ತು. ಅದಕ್ಕೆ ದೊಡ್ಡ ಕಟ್ಟಡವೇನೂ ಬೇಡ.

ಆ ಕಾಲದ ಜೈಲು, ಪೇದೆ ವ್ಯವಸ್ಥೆ ಎಷ್ಟು ಸಡಿಲವಾಗಿತ್ತು ಅನ್ನುವುದಕ್ಕೆ 1823ರ ಮಾರ್ಚ್ ತಿಂಗಳ ಒಂದು ಘಟನೆ ಸಾಕು. ಸೈಯದ್ ಯಾಸಿನ್ ಅಂತ ಒಬ್ಬ ವ್ಯಾಪಾರಿ. ಸಾಲ ತೀರಿಸಲಿಲ್ಲ ಅಂತ ಅವನನ್ನು ಜೈಲಿಗೆ ಹಾಕಿದರು. ಸಂಜೆ ಅವನು, ಸಾಲ ಕೊಟ್ಟವನ ಹತ್ತಿರ ಹೋಗಿ ಕೈಮುಗಿದು ಕೇಳಿಕೊಳ್ಳುತ್ತೇನೆ, ಬಿಡಿ ಅಂದ. ಬಿಟ್ಟರು! ಜೊತೆಗೆ ಒಬ್ಬ ಪೇದೆಯನ್ನು ಕಳಿಸಿದರು. ಯಾಸಿನ್ ದಾರಿಯಲ್ಲಿ ಆ ಪೇದೆಯನ್ನೇ ಕೊಂದ. ಏನಾಯಿತು ಅಂತ ನೋಡಲು ಕತ್ತಲಲ್ಲಿ ಸ್ವತಃ ಫರ್ಕ್ಯುಹರ್ ಬಂದ. ಅಡಗಿ ನಿಂತಿದ್ದ ಯಾಸಿನ್ ಅವನಿಗೂ ಇರಿದ. ಫರ್ಕ್ಯುಹರ್ ಬದುಕಿಕೊಂಡ, ಯಾಸಿನ್ ಅಲ್ಲೇ ಸತ್ತ. ರಾಫಲ್ಸ್ ಆ ಹೆಣವನ್ನು ಪಂಜರದಲ್ಲಿ ಹಾಕಿಸಿ ಜನ ನೋಡಲಿ ಅಂತ ಇಡಿಸಿದ. ರಾಫಲ್ಸ್‌ನ ಬಳಿ ಬರಹದ ಕೆಲಸ ಮಾಡುತ್ತಿದ್ದ ಮುನ್ಷಿ ಅಬ್ದುಲ್ಲಾ ಇದನ್ನೆಲ್ಲ ಮಲಯ ಭಾಷೆಯಲ್ಲಿ ಬರೆದಿಟ್ಟಿದ್ದಾನೆ. ಮುಂದೆ ಯಾಸಿನ್‌ನ ಸಮಾಧಿಗೆ ಜನ ಹರಕೆ ಹೊತ್ತು ಹೋಗತೊಡಗಿದರು. ಪಂಜರ ನೋಡಿ ಜನ ಕಲಿತದ್ದು ಸರ್ಕಾರ ಅಂದುಕೊಂಡ ಪಾಠವನ್ನಲ್ಲ!

ಈಗ ಊರಿನ ನಕ್ಷೆ ನೋಡೋಣ. 1822ರಲ್ಲಿ ರಾಫಲ್ಸ್ ಹೇಳಿದಂತೆ ಒಂದು ಯೋಜನೆ ತಯಾರಾಯಿತು. ನದಿಯ ಉತ್ತರ ದಡ ಸರ್ಕಾರಕ್ಕೆ, ದಕ್ಷಿಣ ದಡ ವ್ಯಾಪಾರಕ್ಕೆ. ಚೀನೀಯರಿಗೆ ಒಂದು ಕೇರಿ, ತಮಿಳು ಕಡೆಯವರಿಗೆ ಒಂದು, ಮಲಯರಿಗೆ, ಅರಬರಿಗೆ, ಬುಗಿಸ್ ಜನರಿಗೆ ಒಂದೊಂದು. ಯುರೋಪಿಯನ್ನರಿಗೆ ಸಮುದ್ರದ ಗಾಳಿ ಬರುವ ಜಾಗ. ಈ ಗೆರೆಗಳು ಎಷ್ಟು ಗಟ್ಟಿ ಅಂದರೆ ಇವತ್ತಿಗೂ ಪ್ರವಾಸಿಗರಿಗೆ ಕೊಡುವ ನಕ್ಷೆಯಲ್ಲಿ ಅವು ಕಾಣುತ್ತವೆ. ಹಿಲ್ ಸ್ಟ್ರೀಟ್ ಠಾಣೆ ಇರುವುದು ಉತ್ತರ ದಡದಲ್ಲಿ. ಎದುರಿಗೆ ಕೋಲ್ಮನ್ ಸೇತುವೆ. ಸೇತುವೆ ದಾಟಿದರೆ ಚೀನೀ ಕೇರಿ. ಈ ಜಾಗ ಸುಮ್ನೆ ಸಿಕ್ಕಿದ್ದಲ್ಲ.

ನಕ್ಷೆ ಬರೆದಾಯಿತು. ಕಟ್ಟುವವರು ಯಾರು? ಈ ಭಾಗ ನನಗೆ ಬಹಳ ಮುಖ್ಯ. 1825ರಲ್ಲಿ ಸುಮಾತ್ರಾ ದ್ವೀಪದ ಬೆಂಕೂಲನ್‌ನಿಂದ ಭಾರತದ ಕೈದಿಗಳ ಮೊದಲ ತಂಡ ಸಿಂಗಾಪುರಕ್ಕೆ ಬಂತು. ಆಮೇಲೆ 1873ರವರೆಗೆ ಮದ್ರಾಸು, ಬಂಗಾಳ, ಮುಂಬಯಿ ಪ್ರಾಂತ್ಯಗಳ ಕೈದಿಗಳು ಅಲ್ಲಿದ್ದರು. ಕರಿನೀರಿನ ಶಿಕ್ಷೆ ಅಂದರೆ ನಮಗೆ ಅಂಡಮಾನ್ ನೆನಪಾಗುತ್ತದೆ. ಆದರೆ ಅಂಡಮಾನ್‌ಗಿಂತ ಮೊದಲೇ ಪಿನಾಂಗ್, ಮಲಾಕ್ಕಾ, ಸಿಂಗಾಪುರ ಇದ್ದವು. ಕೋಲ್ಮನ್ ಅನ್ನುವ ವಾಸ್ತುಶಿಲ್ಪಿಯೇ 1833ರಿಂದ ಈ ಕೈದಿಗಳ ಮೇಲ್ವಿಚಾರಕ. ಜೌಗು ತುಂಬಿಸಿದವರು, ನಾರ್ತ್ ಬ್ರಿಡ್ಜ್ ರೋಡ್, ಸೌತ್ ಬ್ರಿಡ್ಜ್ ರೋಡ್ ಹಾಕಿದವರು ಇವರು. 1841ರಲ್ಲಿ ಬ್ರಾಸ್ ಬಸಾ ಹತ್ತಿರ ತಮ್ಮ ಜೈಲನ್ನೂ ತಾವೇ ಕಟ್ಟಿಕೊಂಡರು. ಒಳ್ಳೆಯ ನಡತೆಯ ಕೈದಿಗಳನ್ನೇ ವಾರ್ಡರ್ ಮಾಡಿ ಉಳಿದವರನ್ನು ಕಾಯಲು ಇಡುತ್ತಿದ್ದರು. ಹುಲಿ ಕಾಟ ಜಾಸ್ತಿಯಾದಾಗ ಕೈದಿಗಳ ಕೈಗೆ ಬಂದೂಕು ಕೊಟ್ಟು ಕಾಡಿಗೆ ಕಳಿಸಿದ್ದೂ ಉಂಟು.

ಇಲ್ಲಿ ನಮ್ಮ ಕರಾವಳಿಯ ಮಾತು ತರಲೇಬೇಕು. ಕಂಪನಿ ಸರ್ಕಾರದ ವಿರುದ್ಧ ಎದ್ದ 1837ರ ಅಮರ ಸುಳ್ಯದ ದಂಗೆ ನಿಮಗೆ ಗೊತ್ತು. ನಮ್ಮ ಹಿರಿಯರು ಕಲ್ಯಾಣಪ್ಪನ ಕಾಟುಕಾಯಿ ಅನ್ನುತ್ತಿದ್ದರು. ಬೆಳ್ಳಾರೆಯ ಖಜಾನೆಯಿಂದ ಶುರುವಾಗಿ ಏಪ್ರಿಲ್ 5ಕ್ಕೆ ಮಂಗಳೂರು ದಂಗೆಯವರ ಕೈಗೆ ಬಂತು. ಮಂಗಳೂರಿಗೆ ಬಂದವರು ಮೊದಲು ಏನು ಮಾಡಿದರು? ಕಚೇರಿಗೆ ಬೆಂಕಿ ಹಚ್ಚಿದರು, ಜೈಲಿನ ಬಾಗಿಲು ತೆರೆದರು, ಬಾವುಟಗುಡ್ಡೆಯ ಮೇಲೆ ತಮ್ಮ ಬಾವುಟ ಹಾರಿಸಿದರು. ಸರ್ಕಾರ ಯಾವ ಕಟ್ಟಡದಲ್ಲಿ ಕೂತಿದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದಂಗೆ ಮುಗಿದ ಮೇಲೆ ಬಿಕರ್ನಕಟ್ಟೆಯಲ್ಲಿ ಗಲ್ಲು. ಗಲ್ಲು ತಪ್ಪಿದವರಲ್ಲಿ ಕೆಲವರನ್ನು ಹಡಗು ಹತ್ತಿಸಿ ಕಳಿಸಿದ್ದು ಸಿಂಗಾಪುರಕ್ಕೆ. ಇಲ್ಲಿ ಸರ್ಕಾರಿ ಕಟ್ಟಡ ಸುಟ್ಟವರು ಅಲ್ಲಿ ಸರ್ಕಾರಕ್ಕೆ ಊರು ಕಟ್ಟಿಕೊಡುವ ಜನರ ಗುಂಪಿಗೆ ಸೇರಿದರು.

ಕೈದಿಗಳ ಕೆಲಸ ಹೇಗಿತ್ತು ಅಂತ ಹತ್ತಿರದಿಂದ ನೋಡಬೇಕಾದರೆ ಸೇಂಟ್ ಆಂಡ್ರ್ಯೂಸ್ ಕ್ಯಾಥೆಡ್ರಲ್‌ಗೆ ಹೋಗಬೇಕು. 1862ರಲ್ಲಿ ಪ್ರತಿಷ್ಠಾಪನೆಯಾದ ಇಗರ್ಜಿ. ಗೋಡೆಗೆ ಬಳಿದದ್ದು ಮದ್ರಾಸ್ ಗಾರೆ. ಜೈಲಿನ ಅಧಿಕಾರಿಯಾಗಿದ್ದ ಮೆಕ್‌ನೇರ್ ಅದನ್ನು ಮಾಡುವ ಕ್ರಮ ಬರೆದಿದ್ದಾನೆ. ಚಿಪ್ಪು ಸುಟ್ಟ ಸುಣ್ಣ. ಮರಳು ಸೇರಿಸುವ ಹಾಗಿಲ್ಲ. ಅದಕ್ಕೆ ಮೊಟ್ಟೆಯ ಬಿಳಿ, ಬೆಲ್ಲ ಹಾಕಿ ಚೆನ್ನಾಗಿ ಬಡಿದು ಹಿಟ್ಟಿನ ಹದಕ್ಕೆ ತರಬೇಕು. ತೆಂಗಿನ ಸಿಪ್ಪೆ ನೆನೆಸಿದ ನೀರನ್ನು ಅದಕ್ಕೆ ಬೆರೆಸಬೇಕು. ಗೋಡೆಗೆ ಬಳಿದು ಒಣಗಿದ ಮೇಲೆ ನುಣುಪು ಕಲ್ಲಿನಿಂದ ಹೊಳಪು ಬರುವ ತನಕ ಉಜ್ಜಬೇಕು, ನಡುನಡುವೆ ಬಳಪದ ಕಲ್ಲಿನ ನಯವಾದ ಪುಡಿ ಉದುರಿಸಬೇಕು. ಕರಾವಳಿಯವರಿಗೆ ಚಿಪ್ಪಿನ ಸುಣ್ಣವೂ ಗೊತ್ತು, ತೆಂಗಿನ ಸಿಪ್ಪೆಯೂ ಗೊತ್ತು. ಇಗರ್ಜಿ ಇಂಗ್ಲಿಷರದ್ದು, ಕೈಗುಣ ನಮ್ಮ ಕಡೆಯ ಮೇಸ್ತ್ರಿಗಳದ್ದು.

ಮತ್ತೆ ಪೊಲೀಸರ ಕಡೆಗೆ ಬರೋಣ. 1854ರ ಮೇ ತಿಂಗಳಲ್ಲಿ ಒಂದು ದೊಡ್ಡ ಗಲಭೆಯಾಯಿತು. ಹೊಕ್ಕಿಯನ್ ಮತ್ತು ತಿಯೋಚ್ಯೂ ಅನ್ನುವ ಎರಡು ಚೀನೀ ಪಂಗಡಗಳ ನಡುವೆ. ಕಿಡಿ ಹತ್ತಿದ್ದು ಅಕ್ಕಿಯ ತೂಕದ ಜಗಳಕ್ಕೆ, ಅಲ್ಲಿನ ತೂಕದಲ್ಲಿ ಐದು ‘ಕ್ಯಾಟಿ’ ಅಕ್ಕಿ, ಹೆಚ್ಚು ಕಡಿಮೆ ಮೂರು ಕಿಲೋ. ಸತ್ತವರು ಸುಮಾರು 400 ಮಂದಿ. ಪೊಲೀಸ್ ಮುಖ್ಯಸ್ಥ ಥಾಮಸ್ ಡನ್‌ಮನ್ ಒಳ್ಳೆಯ ಅಧಿಕಾರಿಯೇ. ಆದರೆ ಅವನ ಕೈಯಲ್ಲಿದ್ದ ಜನ ಏನೇನೂ ಸಾಲದು. ಸೈನಿಕರನ್ನು ಕರೆಸಬೇಕಾಯಿತು.

ಇಲ್ಲಿಂದ ಸರ್ಕಾರದ ಚಿಂತೆ ಬೇರೆಯಾಯಿತು ಅಂತ ನನ್ನ ಅಭಿಪ್ರಾಯ. ಕಳ್ಳನ ಭಯ ಹೋಗಿ ಗುಂಪಿನ ಭಯ ಬಂತು. ಊರಿನ ಬಹುಪಾಲು ಜನ ಚೀನೀಯರು, ಆಳುವವರಿಗೆ ಚೀನೀ ಭಾಷೆ ಬರುವುದಿಲ್ಲ. 1877ರಲ್ಲಿ ಚೀನೀಯರ ವ್ಯವಹಾರ ನೋಡಲೆಂದೇ ಒಂದು ಇಲಾಖೆ ತೆರೆದು ಪಿಕರಿಂಗ್ ಅನ್ನುವವನನ್ನು ಕೂರಿಸಿದರು. ಚೀನೀ ಭಾಷೆ ಮಾತಾಡಿ ಓದಬಲ್ಲ ಮೊದಲ ಬಿಳಿಯ ಅಧಿಕಾರಿ ಅವನು. ಹತ್ತು ವರ್ಷದಲ್ಲಿ ಅವನ ಕಚೇರಿಯಲ್ಲೇ ಅವನ ಮೇಲೆ ಕೊಡಲಿ ಬಿತ್ತು. 1881ರಲ್ಲಿ ಪಂಜಾಬಿನಿಂದ ಸಿಖ್ಖರ ತುಕಡಿ ತರಿಸಿದರು. ಸಾಮಾನ್ಯ ಪೇದೆಗಳು ಮಲಯರು, ಭಾರತೀಯರು. ಅಂದರೆ ಯಾರ ಮೇಲೆ ಕಣ್ಣಿಡಬೇಕೋ ಅವರಲ್ಲಿ ಒಬ್ಬನಿಗೂ ಲಾಠಿ ಕೊಡಬಾರದು ಅನ್ನುವ ಹಾಗೆ. ಹೊರಗಿನಿಂದ ಬಂದ ಪೊಲೀಸರು ಆ ಕೇರಿಗಳಲ್ಲಿ ಬಾಡಿಗೆ ಮನೆ ಮಾಡಿ ಇರುವುದು ಸರ್ಕಾರಕ್ಕೆ ಬೇಡ. ಅವರನ್ನು ಒಂದು ಕಡೆ ಇಡಬೇಕು, ಗಂಟೆ ಹೊಡೆದರೆ ಸಾಲಾಗಿ ನಿಲ್ಲುವ ಹಾಗೆ.

1920ರ ದಶಕದಲ್ಲಿ ಗ್ಯಾಂಗುಗಳ ಹೊಡೆದಾಟ ಎಷ್ಟಿತ್ತೆಂದರೆ ಸಿಂಗಾಪುರವನ್ನು ಚೀನೀ ಷಿಕಾಗೋ ಅನ್ನುತ್ತಿದ್ದರು. 1927ರ ಮಾರ್ಚ್ 12ರಂದು ಚೀನಾದ ನಾಯಕ ಸನ್ ಯಾತ್ ಸೆನ್ ನೆನಪಿನ ಮೆರವಣಿಗೆ ಚೀನೀ ಕೇರಿಯ ಕ್ರೇತಾ ಆಯರ್ ಠಾಣೆಯ ಮುಂದೆ ಬಂದಾಗ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಏಳು ವರ್ಷಕ್ಕೆ ನದಿಯ ಈಚೆ ದಡದಲ್ಲಿ ಹಿಲ್ ಸ್ಟ್ರೀಟ್ ಠಾಣೆ ಎದ್ದಿತು. ಅದೇ ಜಾಗದಲ್ಲಿ ಹಿಂದೆ ನಾಟಕ, ಸಭೆ ನಡೆಯುವ ಒಂದು ಹಾಲ್ ಇತ್ತು.

ಈಗ ಕಿಟಕಿಯ ಉತ್ತರ. ಈ ಕಟ್ಟಡದ ಪೂರ್ತಿ ಹೆಸರು ಠಾಣೆ ಮತ್ತು ಬ್ಯಾರಕ್. ಠಾಣೆಗಿಂತ ವಸತಿಯೇ ಜಾಸ್ತಿ. 927 ಕಿಟಕಿಗಳಲ್ಲಿ ಹೆಚ್ಚಿನವು ಪೊಲೀಸರು ಮಲಗುವ, ಅಡುಗೆ ಮಾಡುವ, ಮಕ್ಕಳನ್ನು ಬೆಳೆಸುವ ಕೋಣೆಗಳ ಕಿಟಕಿ. ಕರೆಂಟ್ ಫ್ಯಾನನ್ನು ನಂಬಿ ಸೆಕೆಯ ಊರಿನಲ್ಲಿ ಇಷ್ಟು ಜನರನ್ನು ಒಂದು ಗೂಡಿನಲ್ಲಿ ಇಡುವ ಕಾಲ ಅದಲ್ಲ. ಗಾಳಿ ಬರಬೇಕು, ಮಳೆ ಬರಬಾರದು. ಅದಕ್ಕೇ ಅಡ್ಡಪಟ್ಟಿಯ ಮರದ ಬಾಗಿಲು, ಮುಂದೆ ಕಮಾನಿನ ಮೊಗಸಾಲೆ, ನಡುವೆ ಅಂಗಳ. ಅಂಗಳದಲ್ಲಿ ಕವಾಯತು. ಹೊರಗಿನ ಚಂದ ಇಟಲಿಯ ಅರಮನೆಯದ್ದು, ಒಳಗಿನ ಲೆಕ್ಕ ದಂಡಿನದ್ದು. ನಕ್ಷೆ ಮಾಡಿದವನು ಸರ್ಕಾರಿ ಲೋಕೋಪಯೋಗಿ ಇಲಾಖೆಯ ಫ್ರಾಂಕ್ ಡೋರಿಂಗ್ಟನ್ ವಾರ್ಡ್. 1937ರ ಕಲ್ಲಾಂಗ್ ವಿಮಾನ ನಿಲ್ದಾಣ, 1939ರ ಸುಪ್ರೀಂ ಕೋರ್ಟ್ ಕೂಡ ಅವನ ಕೈಯದ್ದೇ.

ಆ ಹತ್ತು ಹನ್ನೆರಡು ವರ್ಷದಲ್ಲಿ ನದಿಯ ಬಾಯಲ್ಲಿ ದೊಡ್ಡ ದೊಡ್ಡ ಕಟ್ಟಡಗಳು ಸಾಲಾಗಿ ಎದ್ದವು. 1928ರಲ್ಲಿ ಫುಲರ್ಟನ್ ಕಟ್ಟಡ, 1929ರಲ್ಲಿ ಮುನ್ಸಿಪಾಲಿಟಿ. ಫುಲರ್ಟನ್‌ನಲ್ಲಿ ದೊಡ್ಡ ಅಂಚೆ ಕಚೇರಿ ಇತ್ತು. ಅದರ ಕೆಳಗೆ ಒಂದು ಸುರಂಗ. ಟಪ್ಪಾಲಿನ ಚೀಲಗಳು ರಸ್ತೆಯ ಅಡಿಯಿಂದಲೇ ಹಡಗುಕಟ್ಟೆಗೆ ಹೋಗುತ್ತಿದ್ದವು. ಕಂಬಗಳನ್ನು ಬಿಡಿ, ನನಗೆ ಆ ಸುರಂಗವೇ ಇಷ್ಟ. ಬಂದರಿನ ಕಟ್ಟಡ ಅಂದರೆ ಅದು.

ಇಷ್ಟೆಲ್ಲ ಕಟ್ಟಿ ಏನಾಯಿತು? 1942ರ ಫೆಬ್ರವರಿ 15ಕ್ಕೆ ಊರೇ ಜಪಾನಿನ ಕೈಗೆ ಹೋಯಿತು. ಸುಪ್ರೀಂ ಕೋರ್ಟಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. ಹಿಲ್ ಸ್ಟ್ರೀಟ್ ಠಾಣೆಯಲ್ಲಿ ಜಪಾನಿನ ಮಿಲಿಟರಿ ಪೊಲೀಸರು ಬಂದು ಕೂತರು. ಜನರನ್ನು ಹಿಡಿದು ತಂದು ಹಿಂಸೆ ಕೊಟ್ಟ ಜಾಗಗಳಲ್ಲಿ ಅದೂ ಒಂದು. ಕಟ್ಟಡಕ್ಕೆ ಬೇರೆ ಏನೂ ಬದಲಾವಣೆ ಬೇಕಾಗಲಿಲ್ಲ. ಕೋಣೆ ಇತ್ತು, ಬೀಗ ಇತ್ತು, ಅಂಗಳ ಇತ್ತು.

ಪೊಲೀಸರು ಅಲ್ಲಿಂದ ಖಾಲಿ ಮಾಡಿದ್ದು 1980ರಲ್ಲಿ. ಆಮೇಲೆ ಸರ್ಕಾರದ ಪತ್ರಾಗಾರ ಅಲ್ಲಿಗೆ ಬಂತು. ಸಿನಿಮಾ ಸೆನ್ಸಾರ್ ಮಂಡಳಿಯೂ ಬಂತು. ಒಂದೇ ಮಾಡಿನ ಕೆಳಗೆ ಎಲ್ಲವನ್ನೂ ಕೂಡಿಡುವವರು, ಬೇಡದ್ದನ್ನು ಕತ್ತರಿಸುವವರು! 1998ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ನಂತರದ ದುರಸ್ತಿಯಲ್ಲಿ ಕಿಟಕಿಗಳಿಗೆ ಬಣ್ಣ ಬಿತ್ತು. ಈಗ ಅಲ್ಲಿ ಸಚಿವಾಲಯದ ಕಚೇರಿಗಳಿವೆ, ಹೆಸರು ಮತ್ತೆ ಹಳೇ ಹಿಲ್ ಸ್ಟ್ರೀಟ್ ಪೊಲೀಸ್ ಠಾಣೆ.

ಆ ಬಣ್ಣದ ಬಗ್ಗೆ ನನಗೆ ಎರಡು ಮನಸ್ಸು. ಬಣ್ಣ ಬಳಿಯದಿದ್ದರೆ ಇಷ್ಟು ಜನ ಅತ್ತ ತಿರುಗಿ ನೋಡುತ್ತಿರಲಿಲ್ಲ, ಅದು ನಿಜ. ಆದರೆ ಈಗ ನೋಡುವವರಿಗೆ ಬಣ್ಣವೇ ಕಾಣುತ್ತದೆ, ಬ್ಯಾರಕ್ ಕಾಣುವುದಿಲ್ಲ. ಒಂದು ಸಾಲನ್ನಾದರೂ ಹಳೆಯ ಹಾಗೆ ಬಿಡಬಹುದಿತ್ತು. ಮುಂದಿನ ಸಲ ಹೋದವರು ಫೋಟೋ ತೆಗೆದ ಮೇಲೆ ಕಟ್ಟಡಕ್ಕೆ ಬೆನ್ನು ಮಾಡಿ ಸ್ವಲ್ಪ ಹೊತ್ತು ನಿಲ್ಲಿ. ಠಾಣೆ ಏನನ್ನು ನೋಡುತ್ತಿತ್ತು ಅನ್ನುವುದು ಆಗ ತಿಳಿಯುತ್ತದೆ: ನದಿ, ದೋಣಿ ಕಟ್ಟುತ್ತಿದ್ದ ದಡ, ಸೇತುವೆ, ಆಚೆ ಚೀನೀ ಕೇರಿಗೆ ಹೋಗುವ ರಸ್ತೆ.

ನನ್ನ ಮಾತು ಇಷ್ಟು. ನಮ್ಮ ಬಂದರು ಠಾಣೆ, ಹಳೇ ಕಲೆಕ್ಟರ್ ಕಚೇರಿ, ಬಾವುಟಗುಡ್ಡೆಯ ಬಗ್ಗೆ ನನಗಿಂತ ಜಾಸ್ತಿ ಬಲ್ಲವರು ಇಲ್ಲಿ ಕೂತಿದ್ದೀರಿ. ಪ್ರಶ್ನೆ ಇದ್ದರೆ ಕೇಳಿ, ಮನೆಯಲ್ಲಿ ಹಿರಿಯರು ಹೇಳಿದ ಕತೆ ಇದ್ದರೆ ಅದನ್ನೇ ಮೊದಲು ಹೇಳಿ.