ಮರಿಗಿಂತ ಮೊದಲು ಮರಿಯ ಊಟ

ಎಲ್ಲರಿಗೂ ನಮಸ್ಕಾರ.

ನಾನು ಮೊದಲ ಸಲ ಕ್ಲೌನ್ ಮೀನು, ಅಂದರೆ ಕಿತ್ತಳೆ ಮೈಗೆ ಬಿಳಿ ಪಟ್ಟಿ ಇರುವ ಸಮುದ್ರದ ಸಣ್ಣ ಮೀನು, ತಂದಾಗ ಪಕ್ಕದ ಮನೆ ಕಾಕಾ ಬಂದು ನೋಡಿ, "ಉಪ್ಪುನೀರಿನ ಮೀನು ನಮ್ಮ ಬಿಜಾಪುರದ ಬಿಸಲಾಗ ಬದುಕತಾವೇನೋ ತಮ್ಮಾ?" ಅಂದರು. ಬದುಕುತ್ತವೆ. ಮೊಟ್ಟೆಯನ್ನೂ ಇಡುತ್ತವೆ. ಆದರೆ ಮೊಟ್ಟೆ ಇಡಿಸುವುದು ಅರ್ಧ ಕೆಲಸವೂ ಅಲ್ಲ. ಮರಿಯ ಬಾಯಿಗೆ ಹಿಡಿಸುವ ಊಟ ಬೆಳೆಸುವುದೇ ದೊಡ್ಡ ಕೆಲಸ. ಇವತ್ತು ಅದನ್ನೇ ಜಾಸ್ತಿ ಹೇಳುತ್ತೇನೆ.

ಮೊದಲು ನೀರು. ನಮ್ಮ ಬೋರ್ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ, ಅಲ್ವಾ? ಅದು ಬೇಡ. ಆರ್‌ಒ ನೀರು ತಗೊಳ್ಳಿ. ಲೀಟರಿಗೆ ಸುಮಾರು 35 ಗ್ರಾಂ ಸಮುದ್ರದ ಅಕ್ವೇರಿಯಂ ಉಪ್ಪು ಹಾಕಿ. ಅಡುಗೆ ಉಪ್ಪು ನಡೆಯುವುದಿಲ್ಲ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಇರುತ್ತವೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲು 4ರಿಂದ 6 ವಾರ ಬೇಕು. ಅಲ್ಲಿತನಕ ಮೀನು ಬಿಡಬೇಡಿ.

ಬೇಸಿಗೆಯಲ್ಲಿ ನಮ್ಮ ಊರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಈ ಮೀನಿಗೆ 26ರಿಂದ 28 ಡಿಗ್ರಿ ನೀರು ಹಿತ. ನಾನು ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಬಿಡುತ್ತೇನೆ. ತಂಪಾಗುತ್ತದೆ, ಆದರೆ ನೀರು ಬೇಗ ಆವಿಯಾಗಿ ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಸಾರು ಕುದ್ದು ಕುದ್ದು ಉಪ್ಪಾಗುವುದಿಲ್ಲವೇ, ಹಾಗೆ. ಅದಕ್ಕೆ ಗಾಜಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದಿದ್ದೇನೆ. ದಿನಾ ಆ ಗೆರೆ ತನಕ ಬರೀ ಆರ್‌ಒ ನೀರು ತುಂಬುತ್ತೇನೆ, ಉಪ್ಪುನೀರಲ್ಲ.

ಇನ್ನು ಜೋಡಿ. ಗಂಡು, ಹೆಣ್ಣು ಹುಡುಕುವ ತಾಪತ್ರಯ ಇಲ್ಲ. ಈ ಮೀನುಗಳಲ್ಲಿ ಮೊದಲಿಗೆ ಯಾವುದೂ ಹೆಣ್ಣಲ್ಲ. ಎರಡು ಮರಿ ತಂದು ಒಟ್ಟಿಗೆ ಬಿಡಿ. ದೊಡ್ಡದಾಗಿ ಬೆಳೆದದ್ದು ಹೆಣ್ಣಾಗುತ್ತದೆ, ಇನ್ನೊಂದು ಗಂಡಾಗಿ ಉಳಿಯುತ್ತದೆ. ಹೆಣ್ಣು ಸತ್ತರೆ ಉಳಿದ ಗಂಡೇ ಹೆಣ್ಣಾಗುತ್ತದೆ. ಒಮ್ಮೆ ಹೆಣ್ಣಾದದ್ದು ಮತ್ತೆ ಗಂಡಾಗುವುದಿಲ್ಲ. ಮೊಟ್ಟೆ ಇಡಲು ಒಂದು ವರ್ಷ, ಕೆಲವು ಸಲ ಅದಕ್ಕಿಂತ ಜಾಸ್ತಿ ಕಾಯಬೇಕು.

ಸಮುದ್ರದಲ್ಲಿ ಈ ಮೀನು ಮನೆ ಮಾಡಿಕೊಳ್ಳುವ ಹೂವಿನಂಥ ಪ್ರಾಣಿ, ಅಂದರೆ ಅನಿಮೋನಿ, ಟ್ಯಾಂಕಿನಲ್ಲಿ ಇರಲೇಬೇಕೆಂದೇನಿಲ್ಲ. ಜೀವಂತ ಹವಳವಂತೂ ಕೊಳ್ಳಲೇಬೇಡಿ. ನಮ್ಮ ವನ್ಯಜೀವಿ ಕಾಯ್ದೆ ಅದನ್ನು ಕಾಪಾಡುತ್ತದೆ. ಕುಂಬಾರರು ಮಾಡಿದ, ಬಣ್ಣ ಹಚ್ಚದ ಒಂದು ಸಣ್ಣ ಮಣ್ಣಿನ ಕುಂಡ ಸಾಕು. ಅಡ್ಡಲಾಗಿ ಮಲಗಿಸಿ ಇಡಿ. ಮೊಟ್ಟೆ ಇಡುವ ಮುಂಚೆ ಎರಡೂ ಮೀನು ಅದರ ಮೈಯನ್ನು ಬಾಯಿಂದ ಕಚ್ಚಿ ಕಚ್ಚಿ ಸ್ವಚ್ಛ ಮಾಡುತ್ತವೆ. ಹಬ್ಬಕ್ಕೆ ಮನೆ ಸಾರಿಸಿದ ಹಾಗೆ! ಆಮೇಲೆ ಹೆಣ್ಣು ಸಾಲು ಸಾಲಾಗಿ ಮೊಟ್ಟೆ ಅಂಟಿಸುತ್ತಾ ಹೋಗುತ್ತದೆ. ಅರ್ಧ ಜೀರಿಗೆ ಕಾಳಿನಷ್ಟು ಉದ್ದ, ಕಿತ್ತಳೆ ಬಣ್ಣ. ಅಲ್ಲಿಂದ ಕಾವಲು ಗಂಡಿನದು. ರೆಕ್ಕೆಯಿಂದ ಗಾಳಿ ಬೀಸುತ್ತದೆ, ಕೆಟ್ಟ ಮೊಟ್ಟೆ ಆರಿಸಿ ತೆಗೆಯುತ್ತದೆ. ಅದನ್ನು ನೋಡುತ್ತಾ ನಾನು ಎಷ್ಟೋ ರಾತ್ರಿ ಊಟ ಮರೆತಿದ್ದೇನೆ.

ನನ್ನ ಮೊದಲ ಮರಿಗಳೆಲ್ಲ ಸತ್ತವು. ಸಿಹಿನೀರಿನ ಮೀನಿನ ಮರಿಗೆ ಕೊಡುವ ಹಾಗೆ ಬೇಯಿಸಿದ ಮೊಟ್ಟೆಯ ಹಳದಿ ಕದಡಿ ಹಾಕಿದ್ದೆ. ಅವು ಆ ಕಡೆ ತಿರುಗಲೂ ಇಲ್ಲ. ಅವಕ್ಕೆ ಕಣ್ಣೆದುರು ಅಲುಗಾಡುವ ಜೀವ ಬೇಕು. ನೀರು ಕೆಟ್ಟಿತು. ಮೂರನೇ ದಿನಕ್ಕೆ ಒಂದೂ ಉಳಿಯಲಿಲ್ಲ. ಇವತ್ತಿಗೂ ಆ ಖಾಲಿ ಟ್ಯಾಂಕ್ ನೆನೆದರೆ ಸಂಕಟ ಆಗುತ್ತದೆ.

ಆ ಅಲುಗಾಡುವ ಜೀವದ ಹೆಸರು ರೋಟಿಫರ್. ಬರಿಗಣ್ಣಿಗೆ ಧೂಳಿನ ಚುಕ್ಕೆ. ಬಕೆಟ್ಟಿನಲ್ಲಿ ಉಪ್ಪುನೀರು, ನಿಧಾನ ಗಾಳಿ, ಅದಕ್ಕೆ ತಿನ್ನಲು ಹಸಿರು ಪಾಚಿ ನೀರು. ಹಸಿರು ಮಾಯವಾಗಿ ನೀರು ತಿಳಿಯಾಯಿತು ಅಂದರೆ ಅವು ಹಸಿದಿವೆ, ಮತ್ತೆ ಪಾಚಿ ಹಾಕಿ. ದಿನಾ ಸ್ವಲ್ಪ ಸೋಸಿ ತೆಗೆಯಿರಿ, ಉಳಿದದ್ದು ಮತ್ತೆ ಬೆಳೆಯುತ್ತದೆ. ಮೊಸರಿಗೆ ಹೆಪ್ಪು ಉಳಿಸುತ್ತೇವಲ್ಲ, ಅದೇ ಲೆಕ್ಕ. ಬಕೆಟ್ ಎರಡಿರಲಿ. ಒಂದು ಇದ್ದಕ್ಕಿದ್ದ ಹಾಗೆ ಕೆಡುತ್ತದೆ, ಅದೂ ಮರಿ ಬರುವ ವಾರವೇ. ಇದನ್ನು ಮೊಟ್ಟೆ ಕಂಡ ಮೇಲೆ ಶುರು ಮಾಡಿದರೆ ತಡ. ಜೋಡಿ ಕೂಡಿದಾಗಲೇ ಶುರು ಮಾಡಿ.

ಸುಮಾರು 7ರಿಂದ 10 ದಿನಕ್ಕೆ ಮೊಟ್ಟೆಯೊಳಗೆ ಬೆಳ್ಳಿಯಂಥ ಕಣ್ಣು ಹೊಳೆಯುತ್ತವೆ. ಆ ಸಂಜೆ ಕುಂಡವನ್ನು ಅದೇ ನೀರು ತುಂಬಿದ ಬೇರೆ ಟ್ಯಾಂಕಿಗೆ ಇಡಿ. ದಾರಿಯಲ್ಲಿ ಮೊಟ್ಟೆ ನೀರಿನಿಂದ ಹೊರಗೆ ಬರದಿರಲಿ. ಕೆಳಗಿನಿಂದ ಗಾಳಿ ಗುಳ್ಳೆ ಬಿಡಿ, ಗಂಡಿನ ರೆಕ್ಕೆಯ ಕೆಲಸ ಅದು ಮಾಡುತ್ತದೆ. ದೀಪ ಪೂರ್ತಿ ಆರಿಸಿ. ಕತ್ತಲಾದ ಒಂದೆರಡು ತಾಸಿನಲ್ಲಿ ಒಡೆಯುತ್ತವೆ. ಕರೆಂಟ್ ಹೋಗುವ ಊರು ನಮ್ಮದು, ಬ್ಯಾಟರಿ ಪಂಪ್ ಪಕ್ಕದಲ್ಲಿರಲಿ. ಮರಿಗಳ ಟ್ಯಾಂಕಿನ ಬದಿಗೆ ಕರಿ ಕಾಗದ ಅಂಟಿಸಿ, ಇಲ್ಲದಿದ್ದರೆ ಬೆಳಕಿನ ಕಡೆ ಹೋಗಿ ಗಾಜಿಗೆ ತಲೆ ಬಡಿಯುತ್ತವೆ. ಮೊದಲ ವಾರ ರೋಟಿಫರ್, ಆಮೇಲೆ ನಿಧಾನಕ್ಕೆ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯ ಮರಿ. ಹತ್ತನೇ ದಿನದ ಆಸುಪಾಸು ತಲೆಯ ಹಿಂದೆ ಒಂದು ಮಸುಕು ಬಿಳಿ ಪಟ್ಟಿ ಕಾಣುತ್ತದೆ. ಅದನ್ನು ಕಂಡ ದಿನ ನಾನು ಕಾಕಾನನ್ನೇ ಮೊದಲು ಕರೆದೆ.

ತಮಿಳುನಾಡಿನ ಮಂಡಪಂನಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದೇ ಮೀನಿನ ಮರಿ ಮಾಡಿಸಿದೆ. ಟ್ಯಾಂಕಿನಲ್ಲಿ ಹುಟ್ಟಿದ ಮರಿ ಕೊಂಡರೆ ಸಮುದ್ರದಿಂದ ಒಂದು ಮೀನು ಕಡಿಮೆ ಹಿಡಿಯುತ್ತಾರೆ. ಎಲ್ಲಿ ಹುಟ್ಟಿದ್ದು ಅಂತ ಕೇಳಿಯೇ ಕೊಂಡುಕೊಳ್ಳಿ, ನಾಚಿಕೆ ಬೇಡ.

ಬಾಗಿಲ ಹತ್ತಿರ ಹಸಿರು ನೀರಿನ ಸಣ್ಣ ಬಾಟಲಿ ಇಟ್ಟಿದ್ದೇನೆ. ರೋಟಿಫರ್ ಹೆಪ್ಪು ಅದು. ಬೇಕಾದವರು ಒಂದೊಂದು ತಗೊಳ್ಳಿ. ಮುಚ್ಚಳ ಬಿಗಿ ಮಾಡಬೇಡಿ, ಬಿಸಿಲಲ್ಲಿ ಗಾಡಿಯ ಡಿಕ್ಕಿಯಲ್ಲಿ ಇಡಬೇಡಿ, ಇವತ್ತು ಸಂಜೆಯೇ ಬಕೆಟ್ಟಿಗೆ ಸುರಿಯಿರಿ.